ಆಟದ ಯಂತ್ರದ ವೇಗವೂ ಮನೆಯ ನೆಮ್ಮದಿಯೂ

ಕಲಬುರ್ಗಿಯ ಸೋದರಿಯೊಬ್ಬರು ನಮಗೊಂದು ಕಾಗದ ಬರೆದಿರುವರು. ಆಟಗಳು ಇನ್ನಷ್ಟು ಚುರುಕಾಗಿ ನಡೆಯಲೆಂದು ಮನೆಯ ಕಂಪ್ಯೂಟರಿನ ಪ್ರೊಸೆಸರನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಓವರ್‌ಕ್ಲಾಕ್ ಮಾಡಬೇಕೆಂದು ಅವರ ಮಗನು ಹಟ ಹಿಡಿದಿರುವನಂತೆ. ಅದೇ ಯಂತ್ರದಲ್ಲಿ ಮಗಳ ಸಂಶೋಧನ ಪ್ರಬಂಧವೂ ಮನೆಯ ಲೆಕ್ಕಪತ್ರಗಳೂ ಇರುವುವು. ಒಪ್ಪಬಹುದೆ? ಒಪ್ಪಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಎರಡನ್ನೂ ಸರಿಸಮನಾಗಿ ಅಲ್ಲ.

ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಿ ಚಿಪ್ಪನ್ನು ದುಡಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಎಂಬ ಚಿಪ್ಪು 300 ಮೆಗಾಹರ್ಟ್ಸಿನದು. ಮದರ್‌ಬೋರ್ಡಿನ ಮೂಲಗತಿಯನ್ನು 66ರಿಂದ 100ಕ್ಕೆ ಏರಿಸಿದವರಲ್ಲಿ ಅನೇಕರಿಗೆ ಅದು 450ರಲ್ಲಿ ಸಲೀಸಾಗಿ ನಡೆಯಿತು. ಅಂಥ ಸುಗ್ಗಿ ಈಗಿಲ್ಲ. ಈಗಿನ ಚಿಪ್ಪುಗಳು ಶಾಖವೂ ವಿದ್ಯುತ್ತೂ ಬಿಟ್ಟಷ್ಟು ದೂರ ತಾವಾಗಿಯೇ ವೇಗವನ್ನು ಏರಿಸಿಕೊಳ್ಳುವುವು. ಮೇಲೆ ನಮಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ ಕೆಲವೇ ಪಾಲು.

ಮೊದಲು ತಿಳಿಯಬೇಕಾದುದು, ಜೋಡೆತ್ತುಗಳಲ್ಲಿ ಹಿಂದೆ ಬಿದ್ದಿರುವುದು ಯಾವುದೆಂಬುದು. ಆಟ ನಡೆಯುತ್ತಿರುವಾಗ ಗ್ರಾಫಿಕ್ಸ್ ಕಾರ್ಡಿನ ದುಡಿಮೆ ನೂರಕ್ಕೆ 97 ಅಥವಾ 99 ಎಂದು ಕಂಡರೆ ಕಾರ್ಡೇ ಹಿಂದೆ ಬಿದ್ದಿದೆ. ಪ್ರೊಸೆಸರನ್ನು ಎಷ್ಟು ಓಡಿಸಿದರೂ ಪ್ರಯೋಜನ ಅತ್ಯಲ್ಪ. ಕಾರ್ಡು ನೂರಕ್ಕೆ 60ರಲ್ಲಿ ನಿಂತು, ಚಿತ್ರದ ಅಳತೆಯನ್ನು ತಗ್ಗಿಸಿದರೂ ಕ್ಷಣಕ್ಷಣದ ಚಿತ್ರಗಳ ಸಂಖ್ಯೆ ಏರದಿದ್ದರೆ, ಬಹುಮಟ್ಟಿಗೆ ತಡೆ ಪ್ರೊಸೆಸರಿನದು. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಆದರೂ ಇದನ್ನು ಮಾಡದೆಯೇ ಎರಡಕ್ಕೂ ಚಾವಟಿ ಬೀಸುವವರೇ ಹೆಚ್ಚು.

ಇನ್ನು ಶಾಖದ ಮಾತು. ಚಿಪ್ಪು ನುಂಗುವ ವಿದ್ಯುತ್ತು ವೇಗದೊಡನೆ ನೇರವಾಗಿಯೂ ವೋಲ್ಟೇಜಿನೊಡನೆ ಅದರ ವರ್ಗದಂತೆಯೂ ಬೆಳೆಯುವುದು. ವೇಗವನ್ನು ನೂರಕ್ಕೆ 5ರಷ್ಟು ಏರಿಸಲು ವೋಲ್ಟೇಜನ್ನು 1.20ರಿಂದ 1.32ಕ್ಕೆ ಏರಿಸಬೇಕಾಯಿತೆನ್ನೋಣ: ಶಾಖವು ನೂರಕ್ಕೆ 27ರಷ್ಟು ಹೆಚ್ಚುವುದು. ಐದರ ಲಾಭಕ್ಕೆ ಇಪ್ಪತ್ತೇಳರ ವೆಚ್ಚ! ಮನೆವಾರ್ತೆ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಾಗಿ ಪ್ರೊಸೆಸರಿಗೂ ಕಾರ್ಡಿಗೂ ಪೆಟ್ಟಿಗೆಯೊಳಗಿನ ಗಾಳಿ ಒಂದೇ, ಪವರ್ ಸಪ್ಲೈ ಒಂದೇ. ಇಂಟೆಲ್ ಕೋರ್ ಐ9-14900ಕೆ ಪ್ರೊಸೆಸರು ತನ್ನ ಗರಿಷ್ಠ ಮಿತಿಯಲ್ಲಿ 253 ವಾಟನ್ನು ಬೇಡುವುದು. ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಕಾರ್ಡಿನ ಮಿತಿ 450. ಓವರ್‌ಕ್ಲಾಕಿಗೆ ಮೊದಲೇ ಈ ಎರಡರಿಂದ 703 ವಾಟ್ ಆಯಿತು. ಕಾರ್ಡು ಗಳಿಗೆಯ ಮಟ್ಟಿಗೆ ಮಿತಿಯನ್ನು ಮೀರಿ ಎಳೆಯುವುದೂ ಉಂಟು. ಬೇರೆ ಬೇರೆಯಾಗಿ ಪರೀಕ್ಷೆಯಲ್ಲಿ ಗೆದ್ದ ಎರಡು ಭಾಗಗಳು ಒಟ್ಟಿಗೆ ದುಡಿದಾಗ ಸೋಲುವುದು ಇದರಿಂದಲೇ.

ಕಲಬುರ್ಗಿಯವರು ಇನ್ನೊಂದನ್ನು ನೆನೆಯಬೇಕು. ಕೋಣೆಯ ಬಿಸಿ ಎಷ್ಟು ಏರುವುದೋ ಚಿಪ್ಪಿನ ಬಿಸಿಯೂ ಸುಮಾರಾಗಿ ಅಷ್ಟೇ ಏರುವುದು. ಪುಷ್ಯಮಾಸದ ರಾತ್ರಿ ಸ್ಥಿರವಾಗಿದ್ದ ಯಂತ್ರವು 40 ಡಿಗ್ರಿ ದಾಟುವ ವೈಶಾಖದ ಮಧ್ಯಾಹ್ನದಲ್ಲಿಯೂ ಹಾಗೆಯೇ ಇರುವುದೆಂದು ನಂಬಲಾಗದು.

ಆದರೂ ನಮಗೆ ಹೆಚ್ಚಿನ ಅಂಜಿಕೆ ಯಂತ್ರವು ನಿಂತುಹೋಗುವುದೆಂದಲ್ಲ. ಕಾರ್ಡು ತಪ್ಪಿದರೆ ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಮೂಡುವುವು, ಇಲ್ಲವೆ ಆಟ ಮುಚ್ಚಿಕೊಳ್ಳುವುದು. ಹಾನಿ ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುವುದು. ಪ್ರೊಸೆಸರು ತಪ್ಪಿದರೆ ಏನೂ ಕಾಣದೆಯೇ ತಪ್ಪು ಲೆಕ್ಕವು ಕಡತಕ್ಕೆ ಇಳಿಯಬಹುದು. ಅಕ್ಕನ ಪ್ರಬಂಧವು ತಿಂಗಳಾದ ಮೇಲೆ ತೆರೆಯದೆ ಹೋದಾಗ ಕಾರಣವು ಯಾರಿಗೂ ಹೊಳೆಯದು. ಅತಿ ವೋಲ್ಟೇಜಿನ ಪೆಟ್ಟಿಗೆ ಮದ್ದಿಲ್ಲವೆಂಬುದು 2024ರಲ್ಲಿ ಲೋಕಕ್ಕೆಲ್ಲ ತಿಳಿಯಿತು: ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅನೇಕವು ಯಾರೂ ಓವರ್‌ಕ್ಲಾಕ್ ಮಾಡದೆಯೇ ಅಸ್ಥಿರವಾದುವು. ಕಂಪನಿಯು ಮೈಕ್ರೋಕೋಡನ್ನು ತಿದ್ದಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದಿದ್ದ ಚಿಪ್ಪುಗಳು ಆ ತಿದ್ದುಪಡಿಯಿಂದ ಸರಿಯಾಗಲಿಲ್ಲ.

ಆದಕಾರಣ ಎಲ್ಲರೂ ಬಳಸುವ ಯಂತ್ರದಲ್ಲಿ ಪ್ರೊಸೆಸರನ್ನು ಕಾರ್ಖಾನೆಯ ವೇಗದಲ್ಲಿಯೇ ಬಿಟ್ಟು, ಕಾರ್ಡನ್ನು ಮಾತ್ರ 25 ಮೆಗಾಹರ್ಟ್ಸಿನ ಮೆಟ್ಟಿಲುಗಳಲ್ಲಿ ಏರಿಸುವುದು ಯೋಗ್ಯ. ಒಂದೊಂದು ಮೆಟ್ಟಿಲಲ್ಲಿಯೂ ಭಾರವಾದ ಆಟವನ್ನು ಗಂಟೆಯ ಕಾಲ ಆಡಿ ನೋಡತಕ್ಕದ್ದು. ತಪ್ಪು ಕಂಡೊಡನೆ ಎರಡು ಮೆಟ್ಟಿಲು ಇಳಿಯತಕ್ಕದ್ದು. ಅದೇ ವೇಗವನ್ನು ಕಡಿಮೆ ವೋಲ್ಟೇಜಿನಲ್ಲಿ ಪಡೆಯುವ ಅಂಡರ್‌ವೋಲ್ಟಿಂಗ್ ಎಂಬ ವಿಧಾನ ನಮಗೆ ಇದಕ್ಕಿಂತಲೂ ಮೆಚ್ಚುಗೆ. ಫ್ಯಾನುಗಳ ಗದ್ದಲವೂ ತಗ್ಗುವುದು. ಪ್ರಾರಂಭಕ್ಕೆ ಮುನ್ನ ಪ್ರಬಂಧದ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಇಳಿಸಿ ಅಕ್ಕನ ಕೈಗೆ ಕೊಡಲಿ. ಮೂಲದ ಅಂಕಿಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಯಂತ್ರದ ಪಕ್ಕದಲ್ಲಿಯೇ ಇಡಲಿ.