ಕಾರ್ಬೈಡ್ ದೀಪ: ಜಾಣ್ಮೆ ಇರುವುದು ನಲ್ಲಿಯಲ್ಲಿ

ಮಕ್ಕಳೇ, ನಿಮ್ಮ ತರಗತಿಯ ನೆಲವನ್ನು ಒಮ್ಮೆ ನೋಡಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹಳೆಯ ಶಾಲೆಯಾದರೆ ಅಲ್ಲಿ ಬೂದು ಬಣ್ಣದ ಫರಸಿ ಹಾಸಿರಬಹುದು. (ಈಗ ಕೆಲವು ಶಾಲೆಗಳಿಗೆ ಟೈಲ್ಸ್ ಬಂದಿವೆ, ಆ ಮಾತು ಬೇರೆ.) ಬೇಸಿಗೆಯಲ್ಲಿ ಅಂಗಾಲಿಗೆ ತಂಪು ಕೊಡುವ ಆ ಫರಸಿ ಸುಣ್ಣದ ಕಲ್ಲು. ಸುಣ್ಣದ ಕಲ್ಲನ್ನೇ ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಲ್ಲಿ ಸುಟ್ಟು ಸಿಮೆಂಟ್ ಮಾಡುತ್ತಾರೆ. ನೆಲವಾಯಿತು, ಗೋಡೆಯೂ ಆಯಿತು. ಇಂಥ ಕಲ್ಲಿನಿಂದ ದೀಪವನ್ನೂ ಉರಿಸಬಹುದು ಎಂದರೆ ನಂಬುತ್ತೀರಾ?

ನಾನೂ ನಂಬಿರಲಿಲ್ಲ. 1980ರ ದಶಕದ ಕೊನೆಯಲ್ಲಿ ನಾನು ನಿಮ್ಮಷ್ಟೇ ದೊಡ್ಡವಳು. ನಮ್ಮೂರ ಜಾತ್ರೆಯಲ್ಲಿ ಅವ್ವನ ಕೈಹಿಡಿದು ಬಳೆ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯಲ್ಲಿ ಒಂದು ತಗಡಿನ ಡಬ್ಬಿ. ಅದರಿಂದ ಹೊರಟ ಸಣ್ಣ ಕೊಳವೆಯ ತುದಿಯಲ್ಲಿ ಬೆಳ್ಳನೆಯ ಜ್ವಾಲೆ. ಬಳೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಬತ್ತಿ ಇಲ್ಲ, ಸೀಮೆಎಣ್ಣೆಯ ವಾಸನೆ ಇಲ್ಲ, ಪೆಟ್ರೋಮ್ಯಾಕ್ಸಿನಂತೆ ಪಂಪು ಹೊಡೆಯುವುದೂ ಇಲ್ಲ. ಬೆಳ್ಳುಳ್ಳಿಯಂಥ ಒಂದು ವಾಸನೆ ಮಾತ್ರ ಬರುತ್ತಿತ್ತು. "ಕಾಕಾ, ಎಣ್ಣಿ ಎಲ್ಲಿ ಹಾಕ್ತೀರಿ?" ಎಂದು ಕೇಳಿದೆ. ಬಳೆಗಾರ ಕಾಕಾ ನಕ್ಕು, "ಎಣ್ಣಿ ಇಲ್ಲ ಮಗಳಾ, ಇದು ನೀರ್ ಕುಡ್ದು ಉರೀತದ" ಎಂದರು. ದೀಪ ಆರಿಸಲು ನೀರು ಹಾಕುವುದನ್ನು ಕಂಡಿದ್ದ ನನಗೆ ಅದು ತಮಾಷೆ ಅನ್ನಿಸಿತು. ಎಂ.ಎಸ್ಸಿ. ಓದುವಾಗ ತಿಳಿಯಿತು, ಕಾಕಾ ಹೇಳಿದ್ದು ಮುಕ್ಕಾಲು ಪಾಲು ಸರಿ.

ಆ ಡಬ್ಬಿಯೊಳಗೆ ಏನಿತ್ತು? ಎರಡು ಅರೆಗಳು. ಕೆಳಗಿನ ಅರೆಯಲ್ಲಿ ಜಲ್ಲಿಯಂತೆ ಕಾಣುವ ಬೂದು ಬಣ್ಣದ ತುಂಡುಗಳು. ಅದೇ ಕ್ಯಾಲ್ಸಿಯಂ ಕಾರ್ಬೈಡ್. ಮೇಲಿನ ಅರೆಯಲ್ಲಿ ನೀರು. ಎರಡರ ನಡುವೆ ಒಂದು ಪುಟ್ಟ ನಲ್ಲಿ. ನಲ್ಲಿಯನ್ನು ತುಸು ತಿರುಗಿಸಿದರೆ ನೀರು ಹನಿ ಹನಿಯಾಗಿ ಕಾರ್ಬೈಡಿನ ಮೇಲೆ ಬೀಳುತ್ತದೆ. ಬಿದ್ದ ಕೂಡಲೇ ಬುಸುಬುಸು ಎಂದು ಅಸಿಟಿಲೀನ್ ಎಂಬ ಅನಿಲ ಹುಟ್ಟುತ್ತದೆ. ಅದು ಕೊಳವೆಯಲ್ಲಿ ಸಾಗಿ ತುದಿಯ ಸೂಜಿಮೊನೆಯಷ್ಟು ತೂತಿನಿಂದ ಹೊರಬರುತ್ತದೆ. ಅಲ್ಲಿ ಹೊತ್ತಿಸಿದರೆ ಬೆಳಕು. ನೀರು ಉರಿಯುವುದಿಲ್ಲ, ಉರಿಯುವ ಅನಿಲವನ್ನು ಹುಟ್ಟಿಸುತ್ತದೆ.

ಇಷ್ಟು ಬೆಳ್ಳಗೆ ಉರಿಯಲು ಕಾರಣವಿದೆ. ಅಸಿಟಿಲೀನಿನ ತೂಕದಲ್ಲಿ ನೂರಕ್ಕೆ 92ರಷ್ಟು ಪಾಲು ಕಾರ್ಬನ್. ಜ್ವಾಲೆಯಲ್ಲಿ ಕಾರ್ಬನ್ನಿನ ಸೂಕ್ಷ್ಮ ಕಣಗಳು ಕಾದು ಬೆಳ್ಳಗೆ ಹೊಳೆಯುತ್ತವೆ. ಅನಿಲ ದಪ್ಪ ತೂತಿನಿಂದ ಬಂದರೆ ಬರೀ ಕಪ್ಪು ಹೊಗೆ. ಸಣ್ಣ ತೂತಿನಿಂದ ರಭಸವಾಗಿ ಬಂದು ಗಾಳಿಯೊಡನೆ ಬೆರೆತರೆ ಮಾತ್ರ ಬಿಳಿ ಬೆಳಕು. ಅಂದ ಹಾಗೆ, ಶುದ್ಧ ಅಸಿಟಿಲೀನಿಗೆ ಆ ಬೆಳ್ಳುಳ್ಳಿ ವಾಸನೆ ಇಲ್ಲ. ಅದು ಕಾರ್ಬೈಡಿನಲ್ಲಿ ಸೇರಿಕೊಂಡ ಕಲ್ಮಶದಿಂದ ಹುಟ್ಟುವ ಫಾಸ್ಫೀನ್ ಎಂಬ ವಿಷಾನಿಲದ ವಾಸನೆ.

ಈಗ ಸುಣ್ಣದ ಕಲ್ಲಿಗೆ ಬರೋಣ. ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ ಸಿಗುತ್ತದೆ. ಆ ಸುಣ್ಣವನ್ನು ಇದ್ದಿಲಿನಂಥ ಕೋಕ್ ಜೊತೆ ಸೇರಿಸಿ ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿದರೆ ಕ್ಯಾಲ್ಸಿಯಂ ಕಾರ್ಬೈಡ್. ನೀರು ಬಿದ್ದಾಗ ಕಾರ್ಬೈಡಿನಲ್ಲಿದ್ದ ಕಾರ್ಬನ್ ಅನಿಲವಾಗಿ ಹೋಗುತ್ತದೆ, ಡಬ್ಬಿಯಲ್ಲಿ ಉಳಿಯುವುದು ಬೆಳ್ಳನೆಯ ಅರಳಿದ ಸುಣ್ಣ. ಗೋಡೆಗೆ ಬಳಿಯುವ ಸುಣ್ಣವೂ ಅದೇ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಿನ ವಸ್ತುವೇ ಆಗಿಬಿಡುತ್ತದೆ!

ಲೆಕ್ಕ ಇಷ್ಟಪಡುವವರು ಪೆನ್ಸಿಲ್ ಹಿಡಿಯಿರಿ. 100 ಗ್ರಾಂ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಗ್ರಾಂ ಸುಣ್ಣ ಉಳಿದು 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಆ 56 ಗ್ರಾಂ ಸುಣ್ಣಕ್ಕೆ 36 ಗ್ರಾಂ ಕಾರ್ಬನ್ ಸೇರಿದರೆ 64 ಗ್ರಾಂ ಕಾರ್ಬೈಡ್ ಮತ್ತು 28 ಗ್ರಾಂ ಕಾರ್ಬನ್ ಮಾನಾಕ್ಸೈಡ್. 64 ಗ್ರಾಂ ಕಾರ್ಬೈಡಿಗೆ 36 ಗ್ರಾಂ ನೀರು ಬಿದ್ದರೆ 26 ಗ್ರಾಂ ಅಸಿಟಿಲೀನ್, 74 ಗ್ರಾಂ ಅರಳಿದ ಸುಣ್ಣ. ಪ್ರತಿ ಹಂತದಲ್ಲೂ ಕೂಡಿಸಿ ನೋಡಿ. ಒಂದು ಗ್ರಾಂ ಕೂಡ ಕಳೆದುಹೋಗಿಲ್ಲ. (ನಮ್ಮ ಶಹಾಬಾದ್ ಫರಸಿ ಇಷ್ಟು ಶುದ್ಧವಲ್ಲ. ಅದರಲ್ಲಿ ಮರಳು, ಜೇಡಿಯ ಅಂಶ ಬೆರೆತಿದೆ. ಕಾರ್ಬೈಡ್ ಮಾಡಲು ಇನ್ನೂ ಶುದ್ಧವಾದ ಕಲ್ಲು ಬೇಕು.)

ಇದನ್ನೆಲ್ಲ ಕಂಡುಹಿಡಿದವರು ಯಾರು? ಅಸಿಟಿಲೀನನ್ನು 1836ರಲ್ಲಿ ಎಡ್ಮಂಡ್ ಡೇವಿ ಗುರುತಿಸಿದ್ದರು. 1862ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಪ್ರಯೋಗಶಾಲೆಯಲ್ಲಿ ಕಾರ್ಬೈಡ್ ಮಾಡಿ, ಅದಕ್ಕೆ ನೀರು ತಾಗಿದರೆ ಅಸಿಟಿಲೀನ್ ಬರುತ್ತದೆಂದು ತೋರಿಸಿದರು. ಆದರೆ ಅಷ್ಟು ಬಿಸಿಯಾದ ಕುಲುಮೆ ಆಗ ಕಾರ್ಖಾನೆಗಳಲ್ಲಿ ಇರಲಿಲ್ಲ. 1892ರಲ್ಲಿ ಕೆನಡಾದ ಥಾಮಸ್ ವಿಲ್ಸನ್ ಅಮೆರಿಕದಲ್ಲಿ ವಿದ್ಯುತ್ ಕುಲುಮೆ ಇಟ್ಟುಕೊಂಡು ಸುಣ್ಣ ಮತ್ತು ಟಾರು ಕಾಯಿಸಿದರು. ಅವರಿಗೆ ಬೇಕಿದ್ದದ್ದು ಕ್ಯಾಲ್ಸಿಯಂ ಲೋಹ. ಸಿಕ್ಕ ಗಟ್ಟಿಯನ್ನು ನೀರಿಗೆ ಹಾಕಿದಾಗ ಅನಿಲವೇನೋ ಬಂತು. ಕ್ಯಾಲ್ಸಿಯಂ ಆಗಿದ್ದರೆ ಬರಬೇಕಿದ್ದದ್ದು ಹೈಡ್ರೋಜನ್, ಅದು ಹೊಗೆಯಿಲ್ಲದೆ ಉರಿಯಬೇಕು. ಈ ಅನಿಲ ಕಪ್ಪು ಹೊಗೆ ಕಾರಿತು! ಬೇಕಾದ್ದು ಸಿಗಲಿಲ್ಲ, ಬಯಸದೇ ಇದ್ದದ್ದು ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಸೈಕಲ್ಲಿಗೆ, ಮೋಟಾರು ಗಾಡಿಗೆ, ಗಣಿ ಕಾರ್ಮಿಕರ ಟೋಪಿಗೆ ಕಾರ್ಬೈಡ್ ದೀಪಗಳು ಬಂದವು. ನ್ಯೂಯಾರ್ಕಿನ ಫ್ರೆಡರಿಕ್ ಬಾಲ್ಡ್ವಿನ್ 1900ರಲ್ಲಿ ಇಂಥ ದೀಪಕ್ಕೆ ಪೇಟೆಂಟ್ ಪಡೆದರು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ನಮ್ಮ ಅಡುಗೆ ಅನಿಲದಂತೆ ಅಸಿಟಿಲೀನನ್ನು ಸಿಲಿಂಡರಿನಲ್ಲಿ ಒತ್ತಿ ತುಂಬಿ ಸೈಕಲ್ಲಿಗೆ ಕಟ್ಟಬಹುದಿತ್ತಲ್ಲ? ಆಗದು. ಅಸಿಟಿಲೀನ್ ಬಹಳ ಸಿಡುಕು ಸ್ವಭಾವದ ಅನಿಲ. ಅದನ್ನು ಹಾಗೆಯೇ ಒತ್ತಿ ತುಂಬಿದರೆ ಗಾಳಿಯ ಸಹಾಯವೇ ಇಲ್ಲದೆ ತಾನೇ ಸಿಡಿಯಬಲ್ಲದು. ಆದ್ದರಿಂದ ಅನಿಲವನ್ನು ಹೊತ್ತು ಒಯ್ಯುವ ಬದಲು, ಬೇಕಾದಾಗ ಬೇಕಾದಷ್ಟನ್ನೇ ಅಲ್ಲಿಯೇ ತಯಾರಿಸುವ ಉಪಾಯ ಹೂಡಿದರು. ಆ ತಗಡಿನ ಡಬ್ಬಿ ದೀಪ ಮಾತ್ರವಲ್ಲ, ಅಂಗೈಯಗಲದ ಒಂದು ಅನಿಲ ಕಾರ್ಖಾನೆ. ಆ ಕಾರ್ಖಾನೆಯ ಮೇಸ್ತ್ರಿ ಯಾರು? ಕಾರ್ಬೈಡಲ್ಲ, ನೀರಲ್ಲ, ನಡುವಿನ ಪುಟ್ಟ ನಲ್ಲಿ. ಹನಿ ಹೆಚ್ಚಿಸಿದರೆ ಜ್ವಾಲೆ ಎತ್ತರ, ತಗ್ಗಿಸಿದರೆ ಗಿಡ್ಡ. ನಲ್ಲಿ ಮುಚ್ಚಿದ ತಕ್ಷಣ ಮಾತ್ರ ದೀಪ ಆರುವುದಿಲ್ಲ. ಒದ್ದೆಯಾದ ಕಾರ್ಬೈಡ್ ಇನ್ನೂ ಸ್ವಲ್ಪ ಹೊತ್ತು ಅನಿಲ ಬಿಡುತ್ತಲೇ ಇರುತ್ತದೆ. ಇದು ಆ ದೀಪದ ಕುಂದು. ಬಳಸುವವರು ಅದನ್ನು ತಿಳಿದೇ ಬಳಸುತ್ತಿದ್ದರು.

ನನ್ನ ಅಭಿಪ್ರಾಯ ಇಲ್ಲಿಂದ ಶುರು. ಒಂದು ತರಬೇತಿಯಲ್ಲಿ ನಾನು ಈ ದೀಪದ ಚಿತ್ರ ಬರೆದಾಗ ಹಿರಿಯ ಶಿಕ್ಷಕರೊಬ್ಬರು, "ಮಕ್ಕಳಿಗೆ ಕಾರ್ಬೈಡಿನ ಹೆಸರೇ ಹೇಳಬೇಡ್ರಿ ಮೇಡಂ, ಸುಮ್ನೆ ಇಲ್ಲದ್ದು ಕಲಿಸಿದಂಗ ಆಗ್ತದ" ಎಂದರು. ಅವರ ಕಾಳಜಿ ನಿಜವಾದದ್ದೇ. ಆದರೂ ನಾನು ಒಪ್ಪಲಿಲ್ಲ. ಯಾಕೆಂದರೆ ನಾವು ಹೇಳದಿದ್ದರೆ ಮೊಬೈಲ್ ಹೇಳುತ್ತದೆ, ಅದೂ ಅರ್ಧವನ್ನು ಮಾತ್ರ. 2025ರ ದೀಪಾವಳಿಯಲ್ಲಿ ಹಾಗೇ ಆಯಿತು. ಮೊಬೈಲಿನ ವಿಡಿಯೊಗಳಲ್ಲಿ ಓಡಾಡಿದ 'ಕಾರ್ಬೈಡ್ ಗನ್' ಎಂಬ ಆಟಿಕೆಯಿಂದ ಮಧ್ಯಪ್ರದೇಶದ ಭೋಪಾಲ ಮತ್ತಿತರ ಊರುಗಳಲ್ಲಿ ನೂರಕ್ಕೂ ಹೆಚ್ಚು ಜನ ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದರು. ಅವರಲ್ಲಿ ಬಹಳಷ್ಟು ಮಂದಿ ನಿಮ್ಮಂಥ ಮಕ್ಕಳು. ಕೆಲವರ ದೃಷ್ಟಿಯೇ ಹೋಯಿತು.

ದೀಪದಲ್ಲೂ ಕಾರ್ಬೈಡ್, ಗನ್ನಿನಲ್ಲೂ ಕಾರ್ಬೈಡ್. ಹಾಗಾದರೆ ಒಂದು ಬೆಳಕು ಕೊಟ್ಟಿತು, ಇನ್ನೊಂದು ಕಣ್ಣು ಕಿತ್ತುಕೊಂಡಿತು, ಏಕೆ? ದೀಪದಲ್ಲಿ ಹನಿ ಹನಿ ಲೆಕ್ಕ ಇಡುವ ನಲ್ಲಿ ಇದೆ. ಹುಟ್ಟುವ ಅನಿಲವೇ ಡಬ್ಬಿಯೊಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ, ಅದಾದ ಮೇಲೆ ತೂತಿನ ಹೊರಗೆ ಮಾತ್ರ ಬೆಂಕಿ. ಆ ಗನ್ನಿನಲ್ಲಿ ನಲ್ಲಿಯೇ ಇಲ್ಲ. ಅನಿಲ ಮತ್ತು ಗಾಳಿ ಒಳಗೇ ಬೆರೆಯುತ್ತವೆ, ಬೆಂಕಿಯೂ ಒಳಗೇ ಹೊತ್ತುತ್ತದೆ. ಗಾಳಿಯಲ್ಲಿ ಅಡುಗೆ ಅನಿಲ ನೂರಕ್ಕೆ ಸುಮಾರು 2ರಿಂದ 9 ಪಾಲು ಇದ್ದಾಗ ಮಾತ್ರ ಹೊತ್ತಿಕೊಳ್ಳಬಲ್ಲದು. ಅಸಿಟಿಲೀನ್ ಹಾಗಲ್ಲ, ಸುಮಾರು 2.5 ಪಾಲಿನಿಂದ 80 ಪಾಲಿನವರೆಗೆ ಎಷ್ಟಿದ್ದರೂ ಸಿಡಿಯುತ್ತದೆ. ಸಿಡಿಯದಿದ್ದರೆ ಯಾಕೆ ಸಿಡಿಯಲಿಲ್ಲ ಎಂದು ಮಕ್ಕಳು ಕಣ್ಣಿಟ್ಟು ಇಣುಕುತ್ತಾರೆ. ಆಗಲೇ ಸಿಡಿಯುತ್ತದೆ. ಬೆಂಕಿಯ ಜೊತೆ ಕಾರ್ಬೈಡಿನ ಚೂರು, ಸುಣ್ಣ ಎರಡೂ ಕಣ್ಣಿಗೆ ನುಗ್ಗುತ್ತವೆ. ಸುಣ್ಣ ಬಳಿಯುವಾಗ ಒಂದು ಹನಿ ಕಣ್ಣಿಗೆ ಸಿಡಿದರೇ ಎಷ್ಟು ಉರಿಯುತ್ತದೆ, ನಿಮಗೆ ಗೊತ್ತು. ಹಾಗೆ ಯಾರಿಗಾದರೂ ಆದರೆ ಕಣ್ಣು ಉಜ್ಜಲು ಬಿಡಬೇಡಿ. ಶುದ್ಧ ನೀರನ್ನು ಬಹಳ ಹೊತ್ತು ಧಾರೆಯಾಗಿ ಬಿಟ್ಟು ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ದೊಡ್ಡವರಿಗೆ ಹೇಳಿ.

ಅಸಿಟಿಲೀನಿನ ಈ ಸಿಡುಕು ದೊಡ್ಡ ವಿಜ್ಞಾನಿಗಳನ್ನೂ ಬಿಟ್ಟಿಲ್ಲ. ಸ್ವೀಡನ್ನಿನ ಗುಸ್ತಾಫ್ ದಾಲೆನ್ ಸಮುದ್ರದ ದೀಪಸ್ತಂಭಗಳಲ್ಲಿ ಅಸಿಟಿಲೀನ್ ದೀಪ ಹಗಲಾದಾಗ ತಾನೇ ಆರಿ, ಕತ್ತಲಾದಾಗ ತಾನೇ ಹೊತ್ತುವಂತೆ ಮಾಡಿದವರು. ಅದೂ ಒಂದು ನಲ್ಲಿಯೇ, ಸೂರ್ಯನ ಬೆಳಕಿನಿಂದ ಮುಚ್ಚುವ ನಲ್ಲಿ! ಅದಕ್ಕಾಗಿ 1912ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಅದೇ ವರ್ಷ ಪ್ರಯೋಗ ಮಾಡುವಾಗ ಅಸಿಟಿಲೀನ್ ಸಿಡಿದು ಅವರ ಎರಡೂ ಕಣ್ಣು ಹೋದವು. ಪ್ರಶಸ್ತಿ ತೆಗೆದುಕೊಳ್ಳಲು ಅವರ ಸಹೋದರ ಹೋಗಬೇಕಾಯಿತು. ಆ ಸಹೋದರ ಕಣ್ಣಿನ ವೈದ್ಯರಾಗಿದ್ದರು.

ಕಾರ್ಬೈಡನ್ನು ಕೆಟ್ಟದ್ದು ಎಂದು ಬಯ್ಯುವುದೂ ನನಗೆ ಹಿಡಿಸದು. ನಮ್ಮೂರುಗಳ ವೆಲ್ಡಿಂಗ್ ಅಂಗಡಿಯವರು ಕಬ್ಬಿಣ ಕತ್ತರಿಸಲು ಡ್ರಮ್ಮಿನಲ್ಲಿ ಕಾರ್ಬೈಡ್ ಹಾಕಿ ಅನಿಲ ತೆಗೆಯುತ್ತಿದ್ದರು. ಈಗ ಬಹಳ ಕಡೆ ಅಸಿಟಿಲೀನ್ ಸಿಲಿಂಡರ್ ಬಂದಿದೆ. ಅದು ಬರಿದಾದ ಸಿಲಿಂಡರ್ ಅಲ್ಲ, ಒಳಗೆ ಸ್ಪಂಜಿನಂಥ ರಂಧ್ರಗಳ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಕುಡಿಸಿ, ಅದರಲ್ಲಿ ಅನಿಲವನ್ನು ಕರಗಿಸಿರುತ್ತಾರೆ. ಡ್ರಮ್ಮು ತೊಳೆದಾಗ ಬರುತ್ತಿದ್ದ ಬಿಳಿ ರಾಡಿಯನ್ನು ಗೋಡೆಗೆ ಬಳಿದವರೂ ಇದ್ದಾರೆ. ಸುಣ್ಣವೇ ತಾನೇ! ಆದರೆ ಮಾವಿನಹಣ್ಣಿಗೆ ಕಾರ್ಬೈಡ್ ಇಡುವುದು ತಪ್ಪು. ಅದರ ಕಲ್ಮಶಗಳಿಂದ ಫಾಸ್ಫೀನ್, ಆರ್ಸೀನ್ ಎಂಬ ವಿಷಾನಿಲಗಳು ಬರುತ್ತವೆ. ಹಾಗೆ ಹಣ್ಣು ಮಾಗಿಸುವುದನ್ನು ನಮ್ಮ ದೇಶದ ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಒಂದೇ ವಸ್ತು, ಎಲ್ಲಿ ಹೇಗೆ ಬಳಸಿದರು ಎಂಬುದರ ಮೇಲೆ ನಮ್ಮ ತೀರ್ಪು ನಿಲ್ಲಬೇಕು.

ಆದ್ದರಿಂದ ಶಿಕ್ಷಕ ಮಿತ್ರರಿಗೆ ನನ್ನ ಮಾತು: ಪಾಠದಲ್ಲಿ ಕಾರ್ಬೈಡ್ ತರಬೇಡಿ, ಕಾರ್ಬೈಡ್ ದೀಪದ ಚಿತ್ರ ತನ್ನಿ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ದೀಪ ಇದ್ದರೆ, ಅಜ್ಜನಿಂದ ಪೂರ್ತಿ ಖಾಲಿ ಮಾಡಿಸಿ, ತೊಳೆಸಿ ತರಿಸಿ. ನಲ್ಲಿ ಎಲ್ಲಿದೆ ಎಂದು ಮಕ್ಕಳೇ ಹುಡುಕಲಿ.

ಮಕ್ಕಳೇ, ನಿಮಗೆ ಬೇರೆ ಕೆಲಸ ಇದೆ. ಬೆಂಕಿಯೂ ಬೇಡ, ಕಾರ್ಬೈಡೂ ಬೇಡ. ಎರಡು ಗಾಜಿನ ಲೋಟ ತೆಗೆದುಕೊಂಡು ಪ್ರತಿಯೊಂದಕ್ಕೂ ಒಂದು ಚಮಚ ಅಡುಗೆ ಸೋಡಾ ಹಾಕಿ. ಒಂದು ನಿಂಬೆಹಣ್ಣಿನ ರಸ ಹಿಂಡಿ ಸಮನಾಗಿ ಎರಡು ಪಾಲು ಮಾಡಿ. ಮೊದಲ ಲೋಟಕ್ಕೆ ಒಂದು ಪಾಲನ್ನು ಒಮ್ಮೆಗೇ ಸುರಿಯಿರಿ. ನೊರೆ ಬುಸ್ಸೆಂದು ಏರಿ ಕ್ಷಣದಲ್ಲಿ ಇಳಿಯುತ್ತದೆ. ಎರಡನೆಯದಕ್ಕೆ ಔಷಧಿ ಬಾಟಲಿಯ ತೊಳೆದ ಡ್ರಾಪರಿನಿಂದ ಹನಿ ಹನಿಯಾಗಿ ಹಾಕಿ. ಇಲ್ಲಿ ಬರುವ ಅನಿಲ ಕಾರ್ಬನ್ ಡೈಆಕ್ಸೈಡ್, ಅದು ಉರಿಯುವುದಿಲ್ಲ. ಆದರೂ ಲೋಟದ ಬಾಯಿ ಮುಚ್ಚಬೇಡಿ. ಎರಡನೆಯ ಲೋಟದಲ್ಲಿ ಗುಳ್ಳೆ ಎಷ್ಟು ಹೊತ್ತು ಬಂತು? ಹನಿ ನಿಲ್ಲಿಸಿದ ಮೇಲೂ ಬಂತೇ? ಒಂದು, ಎರಡು ಎಂದು ಎಣಿಸಿ ನೋಟುಪುಸ್ತಕದಲ್ಲಿ ಬರೆದಿಡಿ.