ಸಾಕು ಎನ್ನುವವರು ಯಾರು?

"ಉಸ್ತಾದ್, ಮುಹಮ್ಮದ್ ಅಲಿ ಸೋತದ್ದು ಹೌದಾ?"

ಮದ್ರಸದಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಮೊನ್ನೆ ಹೀಗೆ ಕೇಳಿದ. ಅಣ್ಣನ ಮೊಬೈಲ್‌ನಲ್ಲಿ ಹಳೆಯ ಪಂದ್ಯದ ತುಣುಕೊಂದನ್ನು ನೋಡಿದ್ದನಂತೆ. ಅಲಿ ಏಟು ತಿನ್ನುತ್ತಲೇ ಇದ್ದರು, ತಿರುಗಿ ಹೊಡೆಯಲು ಅವರಿಂದಾಗುತ್ತಿರಲಿಲ್ಲ. ಕೊನೆಗೆ ಕುಳಿತ ಜಾಗದಿಂದ ಏಳಲೇ ಇಲ್ಲ. ಹುಡುಗನ ಮುಖ ಸಣ್ಣದಾಗಿತ್ತು.

ಹೌದು, ಅಲಿ ಸೋತಿದ್ದರು. ವೃತ್ತಿಜೀವನದ 61 ಪಂದ್ಯಗಳಲ್ಲಿ 56ನ್ನು ಗೆದ್ದು 5ನ್ನು ಸೋತರು. ನಮ್ಮ ಅನೇಕ ಮನೆಗಳಲ್ಲಿ ಅವರ ಹೆಸರನ್ನು ಪ್ರೀತಿಯಿಂದ ನೆನೆಯುವುದು ಆ ಗೆಲುವುಗಳಿಗಾಗಿ ಮಾತ್ರವಲ್ಲ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯ ಸೇರಲು ನಿರಾಕರಿಸಿ, ಚಾಂಪಿಯನ್ ಪಟ್ಟವನ್ನೂ ಮೂರು ವರ್ಷಕ್ಕೂ ಹೆಚ್ಚಿನ ದುಡಿಮೆಯನ್ನೂ ಕಳೆದುಕೊಂಡ ಮನುಷ್ಯ ಅವರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಶಿಕ್ಷೆಯನ್ನು ರದ್ದು ಮಾಡಿತು.

ಆದರೆ ಅಲಿಯ ಮೇಲಿನ ಪ್ರೀತಿ ಬೇರೆ, ಬಾಕ್ಸಿಂಗ್ ಬೇರೆ. ಮುಖಕ್ಕೆ ಹೊಡೆಯುವುದನ್ನು ಪ್ರವಾದಿ(ಸ) ತಡೆದಿದ್ದಾರೆ. ಎದುರಾಳಿಯ ದೇಹಕ್ಕೆ ಹಾನಿ ಮಾಡುವುದನ್ನೇ ಆಧಾರವಾಗಿಟ್ಟುಕೊಂಡ ಈ ಆಟ ಸಮ್ಮತವಲ್ಲವೆಂದು ಮಕ್ಕಾದ ಫಿಕ್ಹ್ ಮಂಡಳಿಯ ವಿದ್ವಾಂಸರು 1987ರಲ್ಲಿ ತೀರ್ಮಾನಿಸಿದರು. ಇದನ್ನು ನಾನು ಮಕ್ಕಳಿಗೆ ಹೇಳಿದೆ. ಹುಡುಗ ಸುಮ್ಮನಾಗಲಿಲ್ಲ. "ಅಷ್ಟು ಏಟು ಬೀಳುವಾಗ ಯಾರೂ ಯಾಕೆ ನಿಲ್ಲಿಸಲಿಲ್ಲ ಉಸ್ತಾದ್?" ಎಂದ. ಆ ಪ್ರಶ್ನೆ ನನ್ನೊಂದಿಗೆ ಮನೆಯವರೆಗೂ ಬಂತು.

ಬಾಕ್ಸಿಂಗ್‌ನಲ್ಲಿ ಪಂದ್ಯವನ್ನು ನಡುವೆ ನಿಲ್ಲಿಸಲು ದಾರಿಗಳಿವೆ. ರೆಫರಿ ನಿಲ್ಲಿಸಬಹುದು. ವೈದ್ಯರು ಹೇಳಿದರೆ ನಿಲ್ಲುತ್ತದೆ. ಇವರಲ್ಲದೆ, ಆಟಗಾರನ ಮೂಲೆಯಲ್ಲಿ ನಿಂತಿರುವ ಅವನ ತರಬೇತುದಾರನೂ ಸಾಕೆನ್ನಬಹುದು. ಈ ಮೂರನೆಯವನು ಹೊರಗಿನವನಲ್ಲ, ಆಟಗಾರನದೇ ಮನುಷ್ಯ. ಅವನು ಸಾಕೆಂದರೆ ತನ್ನವನ ಸೋಲನ್ನು ತಾನೇ ಒಪ್ಪಿದಂತೆ.

1975ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಹಾಗೆ ಒಬ್ಬರು ಒಪ್ಪಿದರು. ಅದು ಅಲಿ ಮತ್ತು ಜೋ ಫ್ರೇಜಿಯರ್ ನಡುವಿನ ಮೂರನೆಯ ಪಂದ್ಯ. 1971ರಲ್ಲಿ ಫ್ರೇಜಿಯರ್ ಗೆದ್ದಿದ್ದರು, 1974ರಲ್ಲಿ ಅಲಿ. ಮೂರನೆಯದಕ್ಕೆ ಹಣ ಹೂಡಿ ಕರೆಸಿಕೊಂಡದ್ದು ತನ್ನ ಪ್ರಜೆಗಳ ಮೇಲೆ ಸೇನಾ ಕಾನೂನು ಹೇರಿದ್ದ ಮಾರ್ಕೋಸ್ ಸರಕಾರ. ಅಮೆರಿಕದ ಜನ ರಾತ್ರಿ ನೋಡಬೇಕೆಂದು ಪಂದ್ಯವನ್ನು ಅಲ್ಲಿನ ಬೆಳಗಿನ ಹೊತ್ತಿಗೆ, ಬೇಯುವ ಸೆಕೆಯಲ್ಲಿ ಇಟ್ಟರು. ಪಂದ್ಯಕ್ಕೆ ಮೊದಲು ಅಲಿ ತನ್ನ ಎದುರಾಳಿಯನ್ನು ಗೊರಿಲ್ಲಾ ಎಂದು ಹೀಯಾಳಿಸಿ ಜನರನ್ನು ನಗಿಸಿದರು. ಇತರರಿಗೆ ಅಡ್ಡಹೆಸರಿಟ್ಟು ಹಂಗಿಸಬಾರದೆಂಬ ಸೂರಃ ಹುಜುರಾತ್‌ನ ಪಾಠವನ್ನು ಅವರು ಅಲ್ಲಿ ಮರೆತರು ಎನ್ನದೆ ವಿಧಿಯಿಲ್ಲ. 2001ರಲ್ಲಿ ಅವರು ಅದಕ್ಕಾಗಿ ಕ್ಷಮೆ ಕೇಳಿದರು.

ಹದಿನಾಲ್ಕು ಸುತ್ತು ಮುಗಿಯುವಾಗ ಫ್ರೇಜಿಯರ್ ಅವರ ಕಣ್ಣು ಊದಿ ಮುಚ್ಚಿತ್ತು. ಬರುವ ಏಟು ಅವರಿಗೆ ಕಾಣಿಸುತ್ತಿರಲಿಲ್ಲ. ಇನ್ನು ಒಂದೇ ಸುತ್ತು, ಮೂರೇ ನಿಮಿಷ. ತರಬೇತುದಾರ ಎಡ್ಡಿ ಫಚ್ ಸಾಕೆಂದರು. ಆಡುತ್ತೇನೆ ಎಂದು ಫ್ರೇಜಿಯರ್ ಹಟ ಹಿಡಿದರೂ ಫಚ್ ಬಿಡಲಿಲ್ಲ. ಅತ್ತ ಅಲಿಯೂ ಪೂರ್ತಿ ಬಸವಳಿದಿದ್ದರು. ಸಾವಿಗೆ ಅಷ್ಟು ಹತ್ತಿರ ತಾನೆಂದೂ ಹೋಗಿರಲಿಲ್ಲ ಎಂದು ಆಮೇಲೆ ಹೇಳಿದರು. ಕಾದು ನೋಡಿದ್ದರೆ ಗೆಲುವೇ ಸಿಗುತ್ತಿತ್ತೇನೋ. ಆದರೆ ಫಚ್ ಗೆಲುವಿನ ಲೆಕ್ಕ ಹಾಕಲಿಲ್ಲ, ಮುಂದೆ ಕುಳಿತವನ ಮುಖ ನೋಡಿದರು. ಫ್ರೇಜಿಯರ್ ಆಮೇಲೆ 36 ವರ್ಷ ಬದುಕಿ 2011ರಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಕಾಯಿಲೆಯ ಅಲಿಯೂ ಬಂದಿದ್ದರು.

ಇನ್ನು ಅಲಿಯ ಕಥೆ ನೋಡಿ. 1977ರ ಸೆಪ್ಟೆಂಬರ್‌ನಲ್ಲಿ ಒಂದು ಕಠಿಣ ಪಂದ್ಯ ಗೆದ್ದ ಮೇಲೆ, ಅವರ ವೈದ್ಯ ಫರ್ಡಿ ಪಚೆಕೊ ಅವರಿಗೆ ಅಲಿಯ ಮೂತ್ರಪಿಂಡ ಕೆಡುತ್ತಿರುವ ವರದಿ ಸಿಕ್ಕಿತು. ಅದನ್ನು ಅವರು ಅಲಿಗೂ ಹತ್ತಿರದವರಿಗೂ ಕಳಿಸಿದರು. ಯಾರಿಂದಲೂ ಉತ್ತರ ಬರಲಿಲ್ಲ. ವೈದ್ಯರು ಬಳಗ ಬಿಟ್ಟು ಹೋದರು, ಪಂದ್ಯಗಳು ಮಾತ್ರ ನಿಲ್ಲಲಿಲ್ಲ.

1978ರ ಫೆಬ್ರವರಿಯಲ್ಲಿ ಲಿಯಾನ್ ಸ್ಪಿಂಕ್ಸ್ ಎಂಬ ಯುವಕ ಅಲಿಯನ್ನು ಸೋಲಿಸಿದ. ಅದಕ್ಕೆ ಮೊದಲು ಅವನು ಆಡಿದ್ದು ಏಳೇ ವೃತ್ತಿಪರ ಪಂದ್ಯ. ಮುಂದೆ ಅವನು ಆಡಬೇಕಾದದ್ದು ಸರದಿಯಲ್ಲಿದ್ದ ಕೆನ್ ನಾರ್ಟನ್ ಜೊತೆ. ಆದರೆ ಹಣವಿದ್ದದ್ದು ಅಲಿಯೊಂದಿಗಿನ ಮರುಪಂದ್ಯದಲ್ಲಿ. ಸ್ಪಿಂಕ್ಸ್ ಅದನ್ನೇ ಆರಿಸಿಕೊಂಡ. ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಅವನಿಂದ ತನ್ನ ಪಟ್ಟವನ್ನು ಕಿತ್ತು ನಾರ್ಟನ್‌ಗೆ ಕೊಟ್ಟಿತು. ಜೂನ್‌ನಲ್ಲಿ ಲ್ಯಾರಿ ಹೋಮ್ಸ್ ಎಂಬವರು ಅದನ್ನು ನಾರ್ಟನ್‌ರಿಂದ ಗೆದ್ದರು. ಸೆಪ್ಟೆಂಬರ್‌ನ ಮರುಪಂದ್ಯದಲ್ಲಿ ಅಲಿ ಸ್ಪಿಂಕ್ಸ್‌ನನ್ನು ಸೋಲಿಸಿ, ಮರುವರ್ಷ ನಿವೃತ್ತಿ ಘೋಷಿಸಿದರು. ಹೀಗೆ ಒಂದೇ ಆಟಕ್ಕೆ ಇಬ್ಬರು ಚಾಂಪಿಯನ್ನರಾದರು. ಅವರಿಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಎಷ್ಟು ಹಣ ಬಂದೀತೆಂದು ಎಣಿಸುವವರು ಇದ್ದೇ ಇದ್ದರು.

ಪ್ರಮೋಟರ್ ಡಾನ್ ಕಿಂಗ್ ಅಲಿಗೆ 80 ಲಕ್ಷ ಡಾಲರ್ ಕೊಡುವ ಒಪ್ಪಂದ ಮಾಡಿದರು. ಅಲಿಗೆ ಆಗ 38 ವರ್ಷ. ಮಾತು ನಿಧಾನವಾಗಿತ್ತು. ಪ್ರಸಿದ್ಧ ಮೇಯೋ ಆಸ್ಪತ್ರೆಯಲ್ಲಿ ಪರೀಕ್ಷೆಯೂ ನಡೆಯಿತು. ಮಾತು ಮತ್ತು ಚಲನೆಯಲ್ಲಿ ಸಣ್ಣ ತೊಂದರೆಗಳು ಕಂಡರೂ ಆಡಲು ಪರವಾನಗಿ ಸಿಕ್ಕಿತು. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ನಡೆದ ಆ ಪಂದ್ಯವೇ ನಮ್ಮ ಹುಡುಗ ನೋಡಿದ್ದು. ಹಿಂದೆ ಅಲಿಯ ಬಳಿಯೇ ಅಭ್ಯಾಸದ ಜೊತೆಗಾರನಾಗಿದ್ದ ಹೋಮ್ಸ್ ಗೆದ್ದು ಅತ್ತುಬಿಟ್ಟರು. ಹತ್ತು ಸುತ್ತಿನ ಬಳಿಕ ತರಬೇತುದಾರ ಆ್ಯಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ಆಗಲೂ ಬಳಗದವನೊಬ್ಬ ಇನ್ನೊಂದು ಸುತ್ತು ಎಂದು ಗೋಗರೆಯುತ್ತಿದ್ದ.

ಒಪ್ಪಿದ ಹಣದಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಕಡಿತವಾಗಿತ್ತು. ದಾವೆ ಹೂಡಿದ ಅಲಿ ಕೊನೆಗೆ 50 ಸಾವಿರ ಡಾಲರ್ ಪಡೆದು ಅದನ್ನು ಕೈಬಿಟ್ಟರು. 1981ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ಮತ್ತೊಮ್ಮೆ ಆಡಿ ಸೋತರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ಏಟುಗಳಿಂದಲೇ ಅದು ಬಂತೇ ಎಂಬುದು ವೈದ್ಯರ ಚರ್ಚೆಗೆ ಬಿಟ್ಟದ್ದು. ಆದರೆ ನಿಲ್ಲಿಸಬೇಕಾದ ಸೂಚನೆಗಳು ಮೊದಲೇ ಇದ್ದವು, ಅವನ್ನು ಕಂಡವರೂ ಇದ್ದರು. 2016ರ ಜೂನ್ 3ರಂದು ಅಲಿ ಅಲ್ಲಾಹನೆಡೆಗೆ ಮರಳಿದರು.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಪಂದ್ಯ ನಡೆದರೆ ಸುತ್ತಲಿನವರಿಗೆಲ್ಲ ಲಾಭ, ನಿಂತರೆ ನಷ್ಟ. ಏಟು ಮಾತ್ರ ಒಬ್ಬನಿಗೇ. ಹಾಗಿರುವಲ್ಲಿ ಸಾಕೆನ್ನುವವರು ತಡವಾಗಿ ಬರುತ್ತಾರೆ.

ಸಹೋದರಿಯರೇ, ಇದು ಅಮೆರಿಕದ ಆಟದ ಕಥೆ ಎಂದು ಪುಟ ತಿರುಗಿಸಬೇಡಿ. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದ ಮಗಳಿಗೆ ನಾವು ಏನು ಹೇಳುತ್ತೇವೆ? "ಇನ್ನೊಂದು ಸಲ ಹೊಂದಿಕೊಂಡು ನೋಡು ಮಗಳೇ" ಎನ್ನುತ್ತೇವೆ. ಜಮಾಅತ್‌ನ ನಾಲ್ಕು ಮಂದಿ ಕುಳಿತು ಮಾತಾಡಿ ಅವಳನ್ನು ವಾಪಸ್ ಕಳಿಸುತ್ತಾರೆ. ಅಂಥ ಮಾತುಕತೆಯಲ್ಲಿ ನಾನೂ ಕುಳಿತಿದ್ದೇನೆ. ತಂಗಿಯ ಮದುವೆಗೆ ಅಡ್ಡಿಯಾದೀತು, ಊರವರು ಏನೆಂದಾರು ಎಂಬುದೇ ಅಲ್ಲಿ ದೊಡ್ಡದಾಗಿತ್ತು. ಆ ಹುಡುಗಿಯ ಮುಖವನ್ನು ಯಾರೂ ಸರಿಯಾಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ದಂಪತಿಗಳ ನಡುವೆ ಬಿರುಕು ಬಂದರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರಿರಲಿ ಎಂದು ಕುರ್‌ಆನ್ ಕಲಿಸಿದೆ. ಸಂಧಾನವೇ ಅದರ ಗುರಿ, ನಿಜ. ಆದರೆ ಹೆಣ್ಣಿನ ಕಡೆಯ ಮಧ್ಯಸ್ಥ ಅವಳ ಮೂಲೆಯಲ್ಲಿ ನಿಂತ ಮನುಷ್ಯ. ಅವಳು ತವರಿನ ಮಾನಕ್ಕೆ ಹೆದರಿ "ಹೋಗುತ್ತೇನೆ" ಎಂದರೂ, ಬೇಡ ಮಗಳೇ ಎನ್ನುವ ಹೊಣೆ ಅವನದು. ಹೊಡೆಯುವ ಕೈ ನಿಲ್ಲುತ್ತದೆಂಬ ಖಾತ್ರಿಯಿಲ್ಲದ ರಾಜಿಯು ಅವಳನ್ನು ಇನ್ನೊಂದು ಸುತ್ತಿಗೆ ಕಳಿಸುವ ಏರ್ಪಾಡು ಅಷ್ಟೇ.

ಮರುದಿನ ತರಗತಿಯಲ್ಲಿ ಫಚ್ ಮತ್ತು ಫ್ರೇಜಿಯರ್ ಕಥೆ ಹೇಳಿದೆ. ಹುಡುಗ ಕೇಳಿ, "ಅವರು ಒಳ್ಳೆಯ ಉಸ್ತಾದ್" ಎಂದ. ನಮ್ಮವರ ಮುಖ ನೋಡುವ ಕಣ್ಣನ್ನೂ, ಹೊತ್ತಿಗೆ ಸರಿಯಾಗಿ ಸಾಕೆನ್ನುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.