ತೊಗರಿ ರಾಶಿಗೆ ಕಾಯದ ಬಡ್ಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಸಾಲವೆಂದರೆ ಸೊಸೈಟಿ ಸಾಲ, ಬಂಗಾರದ ಸಾಲ, ಇಲ್ಲವೇ ಕೈಗಡ. ಕ್ರೆಡಿಟ್ ಕಾರ್ಡು ಪಗಾರದವರ ಸಾಮಾನು ಎಂಬ ಭಾವನೆ ಇನ್ನೂ ಇದೆ. ಆದರೆ 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ ಒಪ್ಪಿದ ಮೇಲೆ, ಅಂಗಡಿಯ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೂ ಅದು ಸಾಲವಾಗಬಹುದು. ಕಾರ್ಡು ಕಿಸೆಯಿಂದ ಹೊರಬರುವುದೇ ಇಲ್ಲ. ಬಡ್ಡಿ ಏರಿದ ಸುದ್ದಿಯೂ ಯಾರೂ ತೆರೆಯದ ಇಮೇಲಿನಲ್ಲಿ ಬಂದು ಕೂತಿರುತ್ತದೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2024ರ ನವೆಂಬರ್ 1ರಿಂದ ಎಸ್‌ಬಿಐ ಕಾರ್ಡ್ ತನ್ನ ಬಹುತೇಕ ಭದ್ರತೆರಹಿತ ಕಾರ್ಡುಗಳ ಬಡ್ಡಿಯನ್ನು ತಿಂಗಳಿಗೆ ಶೇ 3.75ಕ್ಕೆ ಏರಿಸಿತು. ಅಂದರೆ ವರ್ಷಕ್ಕೆ ಶೇ 45. ಮರುತಿಂಗಳು 20ರಂದು ಸುಪ್ರೀಂ ಕೋರ್ಟು, ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ರದ್ದು ಮಾಡಿತು. ದರ ಎಷ್ಟಿರಬೇಕೆಂಬುದು ರಿಸರ್ವ್ ಬ್ಯಾಂಕು ಮತ್ತು ಬ್ಯಾಂಕುಗಳ ವಿಷಯ ಎಂಬುದು ತೀರ್ಪಿನ ಸಾರ. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಪಡೆದ ಲೇವಾದೇವಿದಾರ ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16ರ ಮೇಲೆ ಕೇಳುವಂತಿಲ್ಲ. ಸಾವಕಾರನಿಗೆ ಹಾಕಿದ ಬೇಲಿ ಬ್ಯಾಂಕಿಗಿಲ್ಲ!

ಕಾಲು ಪರ್ಸೆಂಟ್ ಏರಿದರೆ ಏನು ಮಹಾ ಎನ್ನುವವರು ಲೆಕ್ಕ ಹಾಕಿ ನೋಡಲಿ. ₹50,000 ಬಾಕಿಗೆ ಶೇ 3.5ರಂತೆ ತಿಂಗಳ ಬಡ್ಡಿ ₹1,750, ಅದರ ಮೇಲೆ ಶೇ 18 ಜಿಎಸ್‌ಟಿ ₹315. ₹2,500 ಕಟ್ಟಿದರೆ ಸಾಲದಲ್ಲಿ ಕಡಿಮೆಯಾಗುವುದು ₹435. ಬಡ್ಡಿ ಶೇ 3.75 ಆದರೆ ಅಷ್ಟೇ ಹಣ ಕಟ್ಟಿದರೂ ಕಡಿಮೆಯಾಗುವುದು ₹287 ಮಾತ್ರ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ದಪ್ಪಕ್ಷರದಲ್ಲಿ ತೋರಿಸುವ ಅಂಕಿಯನ್ನೇ ನಂಬಿ ಕಟ್ಟುತ್ತ ಹೋದರೆ ಅಸಲು ಅಲ್ಲಾಡುವುದಿಲ್ಲ. ಹಳೇ ಬಾಕಿ ಉಳಿದಿದ್ದರೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಎಟಿಎಂನಿಂದ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ.

ಪಗಾರದವರಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ, ಬಿಲ್ಲೂ ತಿಂಗಳಿಗೊಮ್ಮೆ ಬರುತ್ತದೆ. ಹೊಲ ನಂಬಿದವರಿಗೆ ಹಾಗಲ್ಲ. ಜೂನ್‌ನಲ್ಲಿ ಬೀಜ, ಗೊಬ್ಬರ ತಂದರೆ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಗೆ. ಇಂಡಿಯ ಲಿಂಬೆಗೆ ಒಳ್ಳೆಯ ದರ ಬೇಸಿಗೆಯಲ್ಲಿ. ನಡುವಿನ ಆರು ತಿಂಗಳನ್ನು ಕಾರ್ಡಿನ ಮೇಲೆ ದಾಟುತ್ತೇವೆಂದು ಹೊರಟರೆ, ತೆಗೆದ ಸಾಲದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬಡ್ಡಿಯೇ ಆದೀತು. ಈ ಕಾರ್ಡು ಅದಕ್ಕೆ ಮಾಡಿದ್ದಲ್ಲ, ಕಿಸಾನ್ ಕ್ರೆಡಿಟ್ ಕಾರ್ಡು ಇರುವುದೇ ಅದಕ್ಕೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಶುಲ್ಕಗಳನ್ನು ಬದಲಿಸುವ ಮುನ್ನ ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಗ್ರಾಹಕ ಹೆಚ್ಚುವರಿ ಶುಲ್ಕವಿಲ್ಲದೆ ಕಾರ್ಡು ಮರಳಿಸಬಹುದು. ಆದರೆ ಬಾಕಿ ಪೂರ್ತಿ ತೀರಿರಬೇಕು. ಹಕ್ಕು ಸಾಲವಿಲ್ಲದವನಿಗೆ, ಏಟು ಸಾಲವಿರುವವನಿಗೆ. ಆದ್ದರಿಂದ ಈಗಲೇ ಬಾಕಿ ಇಟ್ಟುಕೊಂಡವರು ನೋಟಿಸಿಗೆ ಕಾಯಬಾರದು. ಬ್ಯಾಂಕಿನಲ್ಲಿ ಬಂಗಾರವಿಟ್ಟು ಪಡೆವ ಸಾಲದ ಬಡ್ಡಿ ಸಾಮಾನ್ಯವಾಗಿ ಕಾರ್ಡಿನದರ ಮೂರನೇ ಒಂದು ಪಾಲೂ ಇರುವುದಿಲ್ಲ. ಅದೂ ಆಗದಿದ್ದರೆ ಬಾಕಿಯನ್ನು ಕಂತುಗಳಾಗಿ ಪರಿವರ್ತಿಸಲು ಬ್ಯಾಂಕನ್ನು ಕೇಳಿ, ದರ ಎಷ್ಟೆಂದು ಬರಹದಲ್ಲಿ ಪಡೆಯಿರಿ. ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲವನ್ನು ಮಾತ್ರ ಇದಕ್ಕೆ ಮುಟ್ಟಬೇಡಿ. ಗಡುವು ತಪ್ಪಿದರೆ ಆ ಶೂನ್ಯವೂ ಕೈಬಿಡುತ್ತದೆ.

ನೋಟಿಸಿಲ್ಲದೆ ದರ ಏರಿಸಿದ್ದರೆ ಮೊದಲು ಬ್ಯಾಂಕಿಗೆ ಬರೆದು ದೂರು ಕೊಡಿ, ನಕಲು ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ ದೂರವಾಣಿ 14448.